ಮೇದೋಜೀರಕಾಂಗದ ಅರ್ಬುದವೂ ಅದರ ಶಸ್ತ್ರಚಿಕಿತ್ಸೆಯೂ
(ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯಗೋಷ್ಠಿಯ ಉಪನ್ಯಾಸ)



ಮಂಗಳಕರವಾದ ಉತ್ಸವದ ಸಭೆಯಲ್ಲಿ ಪ್ರಾಣಾಂತಿಕವಾದ ರೋಗವೊಂದರ ಹೆಸರನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಕಾಯವೇ ಕಾಯಕಕ್ಕೆ ಸಾಧನವೆಂದು ಒಪ್ಪಿದ ಸಮಾಜದಲ್ಲಿ ಕಾಯದ ಕ್ಷೇಮವನ್ನು ಕುರಿತ ವಿಚಾರವು ಎಂದಿಗೂ ಅಪ್ರಸ್ತುತವೆನಿಸಲಾರದು. ಅದರಲ್ಲಿಯೂ ಈ ದಿನದ ವಿಷಯವಾದ ಮೇದೋಜೀರಕಾಂಗದ ಅರ್ಬುದವು, ಅಂದರೆ ಪ್ಯಾಂಕ್ರಿಯಾಸ್ ಎಂಬ ಗ್ರಂಥಿಯಲ್ಲಿ ಹುಟ್ಟುವ ಏಡಿಗಂತಿಯು, ಕೆಲವು ವಾರಗಳ ವಿಳಂಬವೇ ಸಾಧ್ಯವನ್ನು ಅಸಾಧ್ಯವಾಗಿಸುವಂಥ ರೋಗವಾಗಿದೆ. ಅದರ ಮೊದಲ ಲಕ್ಷಣವನ್ನು ಕಾಣುವವರು ವೈದ್ಯರಲ್ಲ, ಮನೆಯವರು. ಆದುದರಿಂದ ಮನೆಯವರಿಗೆ ತಿಳಿಯದಿರುವ ವಿದ್ಯೆಯು ಈ ರೋಗದಲ್ಲಿ ಬಹುಮಟ್ಟಿಗೆ ನಿಷ್ಫಲವೇ ಸರಿ.

ಮೊದಲು ಅಂಗದ ಪರಿಚಯ. ಮೇದೋಜೀರಕಾಂಗವು ಸುಮಾರು ಆರು ಅಂಗುಲ ಉದ್ದದ, ನೂರು ಗ್ರಾಮಿಗಿಂತ ಹೆಚ್ಚು ತೂಗದ ಮೃದುವಾದ ಗ್ರಂಥಿ. ಅದು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುತ್ತದೆ. ಅದರ ಶಿರೋಭಾಗವು ಬಲಗಡೆ ಸಣ್ಣ ಕರುಳಿನ ಮೊದಲ ಸುತ್ತಿನ ತೆಕ್ಕೆಯಲ್ಲಿ ಸೇರಿಕೊಂಡಿದ್ದರೆ, ಪುಚ್ಛವು ಎಡಗಡೆ ಗುಲ್ಮವನ್ನು ಮುಟ್ಟುತ್ತದೆ. ಅದರ ಕೆಲಸ ಎರಡು ಬಗೆ. ತುಪ್ಪವನ್ನೂ ಬೇಳೆಯನ್ನೂ ಅನ್ನವನ್ನೂ ಅರಗಿಸುವ ರಸವನ್ನು ದಿನಕ್ಕೆ ಒಂದು ಒಂದೂವರೆ ಲೀಟರಿನಷ್ಟು ಕರುಳಿಗೆ ಹರಿಸುವುದು ಒಂದು. ರಕ್ತದಲ್ಲಿನ ಸಕ್ಕರೆಯನ್ನು ಅಂಕೆಯಲ್ಲಿಡುವ ಇನ್ಸುಲಿನ್ ಮೊದಲಾದ ರಸಗಳನ್ನು ರಕ್ತಕ್ಕೆ ಸೇರಿಸುವುದು ಇನ್ನೊಂದು. ಈ ಎರಡನೆಯ ಕಾರ್ಯವನ್ನು ನಡೆಸುವ ಜೀವಕಣಗಳ ಗುಂಪುಗಳನ್ನು ೧೮೬೯ರಲ್ಲಿ ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್ ಎಂಬಾತನು ಮೊದಲು ಗುರುತಿಸಿದನು. ಆಯುರ್ವೇದ ಗ್ರಂಥಗಳಲ್ಲಿ ಬರುವ ‘ಕ್ಲೋಮ’ವು ಇದೇ ಅಂಗವೆಂದು ಕೆಲವು ಪಂಡಿತರೂ ಅಲ್ಲವೆಂದು ಮತ್ತೆ ಕೆಲವರೂ ವಾದಿಸುತ್ತ ಬಂದಿದ್ದಾರೆ. ಆ ವಾದವು ವಿದ್ವತ್ಸಭೆಗೆ ಸೇರಿದ್ದು. ಪ್ರಕೃತ ತಿಳಿಯಬೇಕಾದುದೇನೆಂದರೆ, ಈ ಅಂಗವು ಹೊಟ್ಟೆಯ ಅತ್ಯಂತ ಆಳದಲ್ಲಿರುವುದರಿಂದ ಅದರಲ್ಲಿ ಹುಟ್ಟಿದ ಗಂಟು ಕೈಗೆ ಸಿಕ್ಕುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ, ಬಹುಕಾಲ ನೋವನ್ನೂ ಕೊಡುವುದಿಲ್ಲ.

ಈ ಗ್ರಂಥಿಯಲ್ಲಿ ಹುಟ್ಟುವ ಅರ್ಬುದಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ರಸವಾಹಿನಿಯ ಒಳಪದರದಲ್ಲಿ ಹುಟ್ಟತಕ್ಕವು. ಇವೇ ಉಗ್ರವಾದುವು. ಇನ್ಸುಲಿನ್ ಮೊದಲಾದುವನ್ನು ಸ್ರವಿಸುವ ಕಣಗಳಲ್ಲಿ ಹುಟ್ಟುವ ಮತ್ತೊಂದು ಜಾತಿಯು ವಿರಳವಾದುದು, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದು. ಅಮೆರಿಕದ ಪ್ರಸಿದ್ಧ ಉದ್ಯಮಿ ಸ್ಟೀವ್ ಜಾಬ್ಸರಿಗೆ ೨೦೦೩ರಲ್ಲಿ ಕಂಡದ್ದು ಈ ಎರಡನೆಯ ಜಾತಿ. ಅವರು ಒಂಬತ್ತು ತಿಂಗಳ ಕಾಲ ಪಥ್ಯಾಹಾರಾದಿಗಳನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ೨೦೦೪ರಲ್ಲಿ ಅದನ್ನು ಮಾಡಿಸಿಕೊಂಡು, ೨೦೧೧ರಲ್ಲಿ ತೀರಿಕೊಂಡರು. ನೆರೆಯ ಗೋವೆಯ ಮುಖ್ಯಮಂತ್ರಿಗಳಾಗಿದ್ದ ಮನೋಹರ ಪರ್ರೀಕರರು ೨೦೧೮ರಲ್ಲಿ ಮೇದೋಜೀರಕಾಂಗದ ಅರ್ಬುದಕ್ಕೆ ಗುರಿಯಾಗಿ, ೨೦೧೯ರ ಮಾರ್ಚಿ ೧೭ರಂದು ಕಾಲವಾದರು. ಧನವಾಗಲಿ ಅಧಿಕಾರವಾಗಲಿ ಈ ರೋಗಕ್ಕೆ ಅಡ್ಡಗೋಡೆಯಲ್ಲವೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು. ೨೦೨೨ನೆಯ ವರ್ಷದ ಜಾಗತಿಕ ಗಣನೆಯಂತೆ ಲೋಕದಲ್ಲಿ ಸುಮಾರು ೫ ಲಕ್ಷ ೧೧ ಸಾವಿರ ಜನರಿಗೆ ಈ ರೋಗವು ಹೊಸದಾಗಿ ಕಂಡಿತು. ಅದೇ ವರ್ಷ ಸುಮಾರು ೪ ಲಕ್ಷ ೬೭ ಸಾವಿರ ಜನರು ಅದರಿಂದ ಸತ್ತರು. ಈ ಎರಡು ಸಂಖ್ಯೆಗಳು ಪರಸ್ಪರ ಎಷ್ಟು ಹತ್ತಿರವಿರುವುವೆಂಬುದೇ ರೋಗದ ಕ್ರೌರ್ಯವನ್ನು ಹೇಳುತ್ತದೆ. ಭರತಖಂಡದಲ್ಲಿ ಇದರ ಪ್ರಮಾಣವು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆಯೇನೋ ಹೌದು. ಆದರೆ ಕಡಿಮೆಯೆಂಬ ಕಾರಣದಿಂದಲೇ ಜನರಿಗೆ ಇದರ ಅರಿವೂ ಕಡಿಮೆಯಾಗಿದೆ.

ಇನ್ನು ಲಕ್ಷಣಗಳನ್ನು ವಿಚಾರಿಸೋಣ. ಮೂರರಲ್ಲಿ ಎರಡು ಪಾಲು ಗಂಟುಗಳು ಗ್ರಂಥಿಯ ಶಿರೋಭಾಗದಲ್ಲಿ ಹುಟ್ಟುತ್ತವೆ. ಯಕೃತ್ತಿನಿಂದ ಇಳಿದು ಬರುವ ಪಿತ್ತನಾಳವು ಕರುಳನ್ನು ಸೇರುವ ಮೊದಲು ಈ ಶಿರೋಭಾಗವನ್ನು ಹಾದುಹೋಗಬೇಕು. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾದುದಿಲ್ಲ. ತೂಬಿನ ಬಾಯಿ ಕಟ್ಟಿದರೆ ನೀರು ಹಿಂದಕ್ಕೆ ನಿಂತು ಏರಿಯ ಮೇಲೆ ಹರಿಯುವಂತೆ, ನಾಳದ ಬಾಯಿ ಒತ್ತಲ್ಪಟ್ಟಾಗ ಪಿತ್ತವು ಹಿಂದಕ್ಕೆ ತುಂಬಿ ರಕ್ತವನ್ನು ಸೇರುತ್ತದೆ. ಆಗ ಕಣ್ಣು ಹಳದಿಯಾಗುವುದು, ಮೂತ್ರವು ಗಾಢವರ್ಣವಾಗುವುದು, ಮೈಯೆಲ್ಲ ನವೆಯೇಳುವುದು. ಪಿತ್ತವು ಕರುಳಿಗೆ ಇಳಿಯದ ಕಾರಣ ಮಲವು ತನ್ನ ಬಣ್ಣವನ್ನು ಕಳೆದುಕೊಂಡು ಬಿಳಿಮಣ್ಣಿನಂತಾಗುವುದು. ಪ್ರಾಚೀನರು ಇದನ್ನು ಗಮನಿಸದೆ ಇರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಿತ್ತದ ಮಾರ್ಗವು ಅಡ್ಡಗಟ್ಟಲ್ಪಟ್ಟು ಮಲವು ಅರೆದ ಎಳ್ಳಿನ ಬಣ್ಣಕ್ಕೆ ತಿರುಗುವ ಕಾಮಾಲೆಯೊಂದನ್ನು ಇತರ ಕಾಮಾಲೆಯಿಂದ ಬೇರ್ಪಡಿಸಿ ಹೇಳಲಾಗಿದೆ. ಎಲ್ಲ ಕಾಮಾಲೆಯೂ ಒಂದೇ ಅಲ್ಲವೆಂಬ ವಿವೇಕವು ಅಷ್ಟು ಹಿಂದೆಯೇ ಇದ್ದಿತು.

ಈ ವಿವೇಕವೇ ಇಂದು ಮನೆಮನೆಯಲ್ಲಿಯೂ ಬೇಕಾಗಿರುವುದು. ಎಳೆಯರಿಗೆ ಜ್ವರ, ವಾಕರಿಕೆಗಳೊಡನೆ ಬರುವ ಕಾಮಾಲೆಯು ಬಹುಮಟ್ಟಿಗೆ ಯಕೃತ್ತಿನ ಸೋಂಕು. ಅದು ಅನೇಕ ವೇಳೆ ತಾನಾಗಿಯೇ ಇಳಿಯುತ್ತದೆ. ಹಾಗೆ ಇಳಿದಾಗ ಕೀರ್ತಿಯು ಕೊಟ್ಟ ಸೊಪ್ಪಿನ ರಸಕ್ಕೋ, ಕೈಗೆ ಹಾಕಿಸಿದ ಬರೆಗೋ ಸಲ್ಲುತ್ತದೆ. ಐವತ್ತು ದಾಟಿದವರಿಗೆ, ನೋವಿಲ್ಲದೆ, ಜ್ವರವಿಲ್ಲದೆ, ದಿನೇ ದಿನೇ ಏರುವ ಕಾಮಾಲೆಯು ಮಾತ್ರ ಬೇರೆ ಜಾತಿಯದು. ಅದಕ್ಕೆ ಪಿತ್ತನಾಳದ ಕಲ್ಲು ಕಾರಣವಿರಬಹುದು, ನಾಳದ ಬಾಯಲ್ಲಿ ಹುಟ್ಟಿದ ಸಣ್ಣ ಗಂಟು ಇರಬಹುದು, ಮೇದೋಜೀರಕಾಂಗದ ಅರ್ಬುದವೂ ಇರಬಹುದು. ಕಲ್ಲಾದರೆ ತೆಗೆಯಬಹುದು. ನಾಳದ ಬಾಯಿಯ ಗಂಟಾದರೆ ಶಸ್ತ್ರಚಿಕಿತ್ಸೆಯ ಫಲವು ಮೇದೋಜೀರಕಾಂಗದ ಗಂಟಿಗಿಂತ ಉತ್ತಮವಾಗಿರುತ್ತದೆ. ಆದುದರಿಂದ ಕೆಟ್ಟ ಸುದ್ದಿಗೆ ಹೆದರಿ ಪರೀಕ್ಷೆಯನ್ನು ತಪ್ಪಿಸುವವನು ಒಳ್ಳೆಯ ಸುದ್ದಿಯ ಅವಕಾಶವನ್ನೂ ತಪ್ಪಿಸಿಕೊಳ್ಳುತ್ತಾನೆ. ನೆಲನೆಲ್ಲಿಯ ರಸವನ್ನು ಮೂರು ವಾರ ಕುಡಿಸಿ ನೋಡೋಣವೆಂಬ ಮಾತು ಇಂಥ ರೋಗಿಯ ವಿಷಯದಲ್ಲಿ ಆಡತಕ್ಕದ್ದಲ್ಲ.

ಗ್ರಂಥಿಯ ಮಧ್ಯಭಾಗದಲ್ಲಿ ಇಲ್ಲವೆ ಪುಚ್ಛದಲ್ಲಿ ಹುಟ್ಟಿದ ಗಂಟು ಕಾಮಾಲೆಯನ್ನು ತರುವುದಿಲ್ಲ. ಅದರಿಂದ ಅದು ಇನ್ನೂ ತಡವಾಗಿ ತಿಳಿಯುತ್ತದೆ. ಕಾರಣವಿಲ್ಲದೆ ಮೈ ಇಳಿಯುವುದು, ಊಟ ಬೇಡವಾಗುವುದು, ಮೇಲ್ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು ಮಲಗಿದಾಗ ಹೆಚ್ಚಿ ಮುಂದಕ್ಕೆ ಬಾಗಿ ಕುಳಿತಾಗ ತಗ್ಗುವುದು, ಮಲದಲ್ಲಿ ಜಿಡ್ಡು ತೇಲುವುದು ಇವು ಅದರ ಸೂಚನೆಗಳು. ಮೈ ಇಳಿಯುತ್ತಿರುವ ವಯಸ್ಸಾದವರಲ್ಲಿ ಮಧುಮೇಹವು ಹೊಸದಾಗಿ ತೋರಿದರೂ ಎಚ್ಚರವಿರಬೇಕು. ಐವತ್ತರ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಮೂರು ವರ್ಷದೊಳಗೆ ಈ ಅರ್ಬುದವು ಕಂಡುಬರುತ್ತದೆ. ತೊಂಬತ್ತೊಂಬತ್ತು ಮಂದಿ ಭಯಪಡಬೇಕಾದುದಿಲ್ಲ, ಆದರೆ ತೂಕವನ್ನು ನೋಡಿಕೊಳ್ಳುವ ಶ್ರಮಕ್ಕೆ ಯಾರೂ ಹಿಂಜರಿಯಬಾರದು.

ರೋಗಕ್ಕೆ ಕಾರಣವೇನು? ವಯಸ್ಸು, ಬಹುಕಾಲದ ಮಧುಮೇಹ, ಅತಿಸ್ಥೂಲತೆ, ಗ್ರಂಥಿಯ ಹಳೆಯ ಉರಿಯೂತ ಇವು ಕೆಲವು. ಹತ್ತರಲ್ಲಿ ಒಬ್ಬರಿಗೆ ವಂಶದಿಂದ ಬಂದ ದೋಷವಿರುವುದುಂಟು. ಒಂದೇ ಮನೆತನದ ಇಬ್ಬರು ಹತ್ತಿರದ ಬಂಧುಗಳಿಗೆ ಈ ರೋಗವಾಗಿದ್ದರೆ ಉಳಿದವರು ತಜ್ಞರನ್ನು ಕಾಣುವುದು ಕ್ಷೇಮ. ಮನುಷ್ಯನ ಕೈಯಲ್ಲಿರುವ ಕಾರಣಗಳಲ್ಲಿ ಮೊದಲನೆಯದು ಹೊಗೆಸೊಪ್ಪು. ಬೀಡಿ ಸಿಗರೇಟುಗಳನ್ನು ಸೇದುವವರಿಗೆ ಅಪಾಯವು ಸುಮಾರು ಇಮ್ಮಡಿ. ಅಡಿಕೆಯ ಸೀಮೆಯವರಾದ ಮಲೆನಾಡಿಗರು ಇನ್ನೊಂದನ್ನು ತಿಳಿಯಬೇಕು. ಜಗಿಯುವ ಹೊಗೆಸೊಪ್ಪು ಬಾಯಿಗೆ ಮಾತ್ರವಲ್ಲದೆ ಮೇದೋಜೀರಕಾಂಗಕ್ಕೂ ಅರ್ಬುದವನ್ನು ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ತೋಟದಲ್ಲಿ ಕೊನೆಗಾರನಿಂದ ಹಿಡಿದು ಅಡಿಕೆ ಸುಲಿಯುವ ಹೆಂಗಸರವರೆಗೆ ಕವಳದೊಡನೆ ಹೊಗೆಸೊಪ್ಪು ಹಾಕುವ ರೂಢಿಯು ಎಷ್ಟು ಬಲವಾಗಿದೆಯೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ.

ಸಂಶಯವು ಹುಟ್ಟಿದ ಮೇಲೆ ಮಾಡತಕ್ಕದ್ದೇನು? ಭದ್ರಾವತಿಯ ನಿವಾಸಿಯಾದವನು ಮೊದಲು ತನ್ನ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿಕೊಳ್ಳಬಹುದು. ಪಿತ್ತನಾಳವು ಉಬ್ಬಿರುವುದು ಆ ಸಾಮಾನ್ಯ ಸ್ಕ್ಯಾನಿನಲ್ಲಿಯೇ ಕಾಣುತ್ತದೆ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಶಿವಮೊಗ್ಗದಲ್ಲಿ, ಸರ್ಕಾರಿ ವೈದ್ಯಕೀಯ ವಿದ್ಯಾಲಯಕ್ಕೆ ಸೇರಿದ, ಜನರು ಇಂದಿಗೂ ಮೆಗ್ಗಾನ್ ಎಂದೇ ಕರೆಯುವ ಆಸ್ಪತ್ರೆಯಿದೆ. ಮುಂದಿನ ಹೆಜ್ಜೆಯು ಸಿ.ಟಿ. ಸ್ಕ್ಯಾನ್. ಅದರಲ್ಲಿಯೂ ಬಣ್ಣದ ಔಷಧಿಯನ್ನು ರಕ್ತನಾಳಕ್ಕೆ ಬಿಟ್ಟು, ಅದು ಧಮನಿಯಲ್ಲಿರುವಾಗ ಒಮ್ಮೆ, ಸಿರೆಗೆ ಬಂದಾಗ ಒಮ್ಮೆ ಚಿತ್ರ ತೆಗೆಯುವ ಕ್ರಮವೇ ಈ ರೋಗಕ್ಕೆ ಬೇಕಾದುದು. ಗಂಟು ಯಾವ ರಕ್ತನಾಳವನ್ನು ಎಷ್ಟು ಮುಟ್ಟಿದೆಯೆಂಬ ಪ್ರಶ್ನೆಗೆ ಅದೇ ಉತ್ತರ ಕೊಡುವುದು. ಕಾಮಾಲೆಯನ್ನು ಇಳಿಸಲು ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಇಡುವುದುಂಟು. ಸಾಧ್ಯವಿದ್ದಷ್ಟು ಮಟ್ಟಿಗೆ ಆ ಕೊಳವೆಗೆ ಮೊದಲೇ ಸಿ.ಟಿ. ಚಿತ್ರವಾಗಬೇಕು. ಕೊಳವೆಯಿಟ್ಟ ಮೇಲೆ ಉಂಟಾಗುವ ಊತವು ಗಂಟಿನ ಎಲ್ಲೆಯನ್ನು ಮಸುಕುಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ಕೂಡಲೇ ಅರ್ಹನಾದ ರೋಗಿಗೆ ಎಲ್ಲ ಸಂದರ್ಭದಲ್ಲಿಯೂ ಕೊಳವೆ ಬೇಕಿಲ್ಲವೆಂದೂ, ವಾಡಿಕೆಯಾಗಿ ಇಟ್ಟರೆ ತೊಡಕುಗಳೇ ಹೆಚ್ಚೆಂದೂ ೨೦೧೦ರಲ್ಲಿ ನೆದರ್‌ಲೆಂಡ್ಸಿನ ವೈದ್ಯರು ತೋರಿಸಿಕೊಟ್ಟರು. ನಾಳದಲ್ಲಿ ಸೋಂಕಾಗಿದ್ದರೆ, ಕಾಮಾಲೆ ವಿಪರೀತವಾಗಿದ್ದರೆ, ಅಥವಾ ಮೊದಲು ಔಷಧೋಪಚಾರ ನಡೆಯಬೇಕಾಗಿದ್ದರೆ ಕೊಳವೆಯು ಅವಶ್ಯ.

ರಕ್ತದಲ್ಲಿ ಸಿ.ಎ. ೧೯-೯ ಎಂಬ ವಸ್ತುವನ್ನು ಅಳೆಯುವುದುಂಟು. ಕೇವಲ ಕಾಮಾಲೆಯಿಂದಲೂ ಅದು ಏರಬಹುದು, ಕೆಲವರ ಶರೀರದಲ್ಲಿ ಅದು ಹುಟ್ಟುವುದೇ ಇಲ್ಲ. ಆದುದರಿಂದ ಅದೊಂದನ್ನೇ ನಂಬಿ ತೀರ್ಮಾನಿಸತಕ್ಕದ್ದಲ್ಲ. ಸೂಜಿಯಿಂದ ಗಂಟಿನ ತುಣುಕನ್ನು ತೆಗೆದು ನೋಡುವ ಪರೀಕ್ಷೆಯು ಔಷಧೋಪಚಾರಕ್ಕೆ ಮೊದಲು ಕಡ್ಡಾಯ. ಚಿತ್ರದಲ್ಲಿ ಸ್ಪಷ್ಟವಾಗಿ ಕಂಡು, ತೆಗೆಯಲು ಅನುಕೂಲವಾಗಿರುವ ಗಂಟಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಅದು ಅನಿವಾರ್ಯವಲ್ಲ.

ಈ ಪರೀಕ್ಷೆಗಳಾದ ಮೇಲೆ ವೈದ್ಯರು ರೋಗವನ್ನು ನಾಲ್ಕು ವರ್ಗವಾಗಿ ವಿಂಗಡಿಸುತ್ತಾರೆ. ಗ್ರಂಥಿಯ ಹಿಂದೆ ಕರುಳಿಗೆ ಹೋಗುವ ಮಹಾಧಮನಿಯೂ ಯಕೃತ್ತಿಗೆ ರಕ್ತ ಒಯ್ಯುವ ಮಹಾಸಿರೆಯೂ ಹಾದುಹೋಗುತ್ತವೆ. ಇವುಗಳಿಂದ ಗಂಟು ದೂರವಿದ್ದರೆ ಮೊದಲನೆಯ ವರ್ಗ, ಅದನ್ನು ತೆಗೆಯಬಹುದು. ಅವುಗಳನ್ನು ಸ್ವಲ್ಪ ಮುಟ್ಟಿದ್ದರೆ ಎರಡನೆಯದು; ಅದು ಗಡಿಯ ಮೇಲಿನ ರೋಗ. ಅವುಗಳನ್ನು ಸುತ್ತಿ ಹಿಡಿದಿದ್ದರೆ ಮೂರನೆಯದು. ಯಕೃತ್ತು, ಪುಪ್ಫುಸ, ಹೊಟ್ಟೆಯ ಪೊರೆ ಮೊದಲಾದೆಡೆಗಳಿಗೆ ಹರಡಿದ್ದರೆ ನಾಲ್ಕನೆಯದು. ರೋಗವು ಪತ್ತೆಯಾಗುವ ಕಾಲಕ್ಕೆ ನೂರು ಜನರಲ್ಲಿ ಹದಿನೈದು ಇಪ್ಪತ್ತು ಮಂದಿ ಮಾತ್ರ ಮೊದಲನೆಯ ವರ್ಗದಲ್ಲಿರುತ್ತಾರೆ. ಒಂದು ವರ್ಗದಿಂದ ಇನ್ನೊಂದಕ್ಕೆ ಜಾರಲು ವರ್ಷಗಳು ಬೇಕಾಗಿಲ್ಲ. ಮೂರು ವಾರದ ಕಷಾಯದ ಮಾತನ್ನು ಮೇಲೆ ಎತ್ತಿದ್ದು ಈ ಕಾರಣದಿಂದಲೇ.

ಈಗ ಶಸ್ತ್ರಚಿಕಿತ್ಸೆಯ ವಿಷಯ. ಈ ರೋಗವನ್ನು ಬೇರುಸಹಿತ ಕೀಳುವ ಸಾಧ್ಯತೆಯಿರುವುದು ಶಸ್ತ್ರದಿಂದ ಮಾತ್ರ. ಶಿರೋಭಾಗದ ಗಂಟಿಗೆ ಮಾಡುವ ಶಸ್ತ್ರಕ್ರಿಯೆಯು ವಿಪ್ಪಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ೧೮೯೮ರಲ್ಲಿ ಇಟಲಿಯ ಕೊಡಿವಿಲ್ಲನು ಇದನ್ನು ಮೊದಲು ಪ್ರಯತ್ನಿಸಿದನು, ರೋಗಿಯು ಉಳಿಯಲಿಲ್ಲ. ೧೯೦೯ರಲ್ಲಿ ಬರ್ಲಿನ್ ನಗರದ ವಾಲ್ಟರ್ ಕೌಶನು ಎರಡು ಹಂತಗಳಲ್ಲಿ ಮಾಡಿ ಯಶಸ್ವಿಯಾದನು. ೧೯೩೫ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ತನ್ನ ಸಹೋದ್ಯೋಗಿಗಳೊಡನೆ ಇದನ್ನು ಪ್ರಚಾರಕ್ಕೆ ತಂದು, ೧೯೪೦ರಲ್ಲಿ ಒಂದೇ ಹಂತದಲ್ಲಿ ಪೂರೈಸಿದನು. ಗ್ರಂಥಿಯ ತಲೆ, ಅದನ್ನು ತಬ್ಬಿರುವ ಕರುಳಿನ ಸುತ್ತು, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಸುತ್ತಲಿನ ರಸಗ್ರಂಥಿಗಳು, ಅನೇಕ ವೇಳೆ ಜಠರದ ತುದಿ, ಇಷ್ಟನ್ನೂ ಒಟ್ಟಿಗೆ ತೆಗೆಯಬೇಕಾಗುವುದು. ಗಂಟನ್ನು ಮಾತ್ರ ಏಕೆ ತೆಗೆಯಬಾರದೆಂದು ಕೇಳುವವರುಂಟು. ಗ್ರಂಥಿಯ ತಲೆಗೂ ಆ ಕರುಳಿಗೂ ರಕ್ತವನ್ನುಣಿಸುವ ಧಮನಿಗಳು ಒಂದೇ ಆಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯಲು ಬರುವುದಿಲ್ಲ. ತರುವಾಯ ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಸಣ್ಣ ಕರುಳಿಗೆ ಮೂರು ಕಡೆಗಳಲ್ಲಿ ಹೊಲಿದು ಜೋಡಿಸಬೇಕು. ಜಠರದ ಕೆಳಬಾಯನ್ನು ಉಳಿಸಿಕೊಳ್ಳುವ ಮಾರ್ಪಾಟು ೧೯೭೮ರಿಂದ ಬಳಕೆಗೆ ಬಂದಿದೆ. ಇಷ್ಟಕ್ಕೆಲ್ಲ ಅನೇಕ ಗಂಟೆಗಳ ಕಾಲ ಹಿಡಿಯುತ್ತದೆ.

ಮಧ್ಯಭಾಗ ಅಥವಾ ಪುಚ್ಛದ ಗಂಟಿಗೆ ಆ ಭಾಗವನ್ನೂ ಅದರೊಡನೆ ಗುಲ್ಮವನ್ನೂ ತೆಗೆಯುತ್ತಾರೆ. ಗುಲ್ಮವಿಲ್ಲದವನಿಗೆ ಕೆಲವು ಸೋಂಕುಗಳು ಮಾರಕವಾಗುವುದರಿಂದ, ಸಾಧ್ಯವಿದ್ದರೆ ಎರಡು ವಾರ ಮೊದಲೇ, ಅವುಗಳ ಲಸಿಕೆಗಳನ್ನು ಹಾಕಿಸಬೇಕು. ಇಡೀ ಗ್ರಂಥಿಯನ್ನೇ ತೆಗೆದರೆ ರೋಗಿಯು ಜೀವಾವಧಿ ಇನ್ಸುಲಿನ್ನನ್ನೂ ಜೀರ್ಣರಸದ ಗುಳಿಗೆಯನ್ನೂ ಆಶ್ರಯಿಸಬೇಕು. ಚಿಕ್ಕ ರಂಧ್ರಗಳ ಮೂಲಕವೂ ಯಂತ್ರಹಸ್ತದ ಸಹಾಯದಿಂದಲೂ ಮಾಡುವ ವಿಧಾನಗಳು ಪುಚ್ಛಭಾಗದ ಶಸ್ತ್ರಕ್ರಿಯೆಯಲ್ಲಿ ಒಳ್ಳೆಯ ಹೆಸರನ್ನು ಪಡೆದಿವೆ. ತಲೆಯ ಭಾಗದಲ್ಲಿ ಮಾತ್ರ ಎಚ್ಚರ ಬೇಕು. ನೆದರ್‌ಲೆಂಡ್ಸಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದನ್ನು ರಂಧ್ರಮಾರ್ಗದವರಲ್ಲಿ ಸಾವು ಹೆಚ್ಚಾದ ಕಾರಣದಿಂದ ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಗಾಯವು ಚಿಕ್ಕದೋ ದೊಡ್ಡದೋ ಎಂಬುದಕ್ಕಿಂತ ಮಾಡುವ ಕೈ ಪಳಗಿದೆಯೋ ಇಲ್ಲವೋ ಎಂಬುದೇ ಮುಖ್ಯ.

ಇದಕ್ಕೆ ಆಧಾರವಿದೆ. ೧೯೬೦ರ ದಶಕದಲ್ಲಿ ವಿಪ್ಪಲ್ ಶಸ್ತ್ರಕ್ರಿಯೆಯಾದ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿಯೇ ಪ್ರಾಣಬಿಡುವುದು ಸಾಮಾನ್ಯವಾಗಿತ್ತು. ಈಗ ಅನುಭವಿಗಳ ಕೈಯಲ್ಲಿ ಆ ಪ್ರಮಾಣವು ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ. ಆದರೆ ಎಲ್ಲ ಕಡೆಯಲ್ಲಿಯೂ ಹಾಗಲ್ಲ. ಅಮೆರಿಕದ ವೃದ್ಧರನ್ನು ಕುರಿತು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಗಣನೆಯೊಂದರಲ್ಲಿ, ಈ ಶಸ್ತ್ರಕ್ರಿಯೆಯನ್ನು ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸತ್ತವರು ನೂರಕ್ಕೆ ೧೬.೩, ಮೇಲಿಂದ ಮೇಲೆ ಮಾಡುವ ಆಸ್ಪತ್ರೆಗಳಲ್ಲಿ ೩.೮. ಗ್ರಂಥಿಯನ್ನು ಕರುಳಿಗೆ ಹೊಲಿದ ಕಡೆ ರಸವು ಸೋರುವುದು, ರಕ್ತಸ್ರಾವ, ಜಠರವು ಬಹುದಿನ ಚಲಿಸದಿರುವುದು ಮೊದಲಾದ ತೊಡಕುಗಳು ಎಲ್ಲಿಯಾದರೂ ಬರತಕ್ಕವೇ. ಬಂದಾಗ ಮಧ್ಯರಾತ್ರಿಯಲ್ಲಿಯೂ ಅವನ್ನು ಗುರುತಿಸಿ ಸರಿಪಡಿಸಬಲ್ಲ ಮಂದಿ ಇರುವ ಕಡೆಯಲ್ಲಿ ರೋಗಿಯು ಉಳಿಯುತ್ತಾನೆ. ಆದುದರಿಂದ ರೋಗಿಯ ಕಡೆಯವರು ವಿನಯದಿಂದ, ಆದರೆ ಸಂಕೋಚವಿಲ್ಲದೆ, ‘ಸ್ವಾಮಿ, ಇಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ?’ ಎಂದು ಕೇಳತಕ್ಕದ್ದು. ಯೋಗ್ಯನಾದ ವೈದ್ಯನು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಅವಶ್ಯಬಿದ್ದರೆ ಸುಮಾರು ಮುನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ, ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಗೋ, ಘಟ್ಟದ ಕೆಳಗಿನ ಮಣಿಪಾಲಕ್ಕೋ ಹೋಗಬೇಕಾದೀತು. ಪ್ರಯಾಣದ ಕಷ್ಟವು ಕೆಲವು ದಿನದ್ದು.

ಶಸ್ತ್ರವೊಂದರಿಂದಲೇ ಕಾರ್ಯವು ಮುಗಿಯುವುದಿಲ್ಲ. ಕಣ್ಣಿಗೆ ಕಾಣದ ಬೀಜಗಳು ಆ ವೇಳೆಗಾಗಲೇ ರಕ್ತದಲ್ಲಿ ಸೇರಿರುವುದುಂಟು. ಜರ್ಮನಿಯ ಪರೀಕ್ಷೆಯೊಂದರ ೨೦೧೩ರ ವರದಿಯಲ್ಲಿ, ಶಸ್ತ್ರಕ್ರಿಯೆ ಮಾತ್ರ ಆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ೧೦.೪ ಮಂದಿ, ಅನಂತರ ಆರು ತಿಂಗಳು ಜೆಮ್‌ಸಿಟಬಿನ್ ಎಂಬ ಔಷಧವನ್ನು ಪಡೆದವರಲ್ಲಿ ೨೦.೭. ೨೦೧೮ರಲ್ಲಿ ಫ್ರಾನ್ಸ್, ಕೆನಡಾ ದೇಶಗಳ ವೈದ್ಯರು ಹಲವು ಔಷಧಗಳನ್ನು ಕೂಡಿಸಿದ ತೀಕ್ಷ್ಣವಾದ ಕ್ರಮವನ್ನು ಪರೀಕ್ಷಿಸಿದಾಗ, ಶಸ್ತ್ರಕ್ರಿಯೆಯಾದವರ ಮಧ್ಯಮ ಜೀವಿತಾವಧಿಯು ೩೫ ತಿಂಗಳಿಂದ ೫೪.೪ ತಿಂಗಳಿಗೆ ಏರಿತು. ಅದು ಗಟ್ಟಿಮುಟ್ಟಾದ ಶರೀರವುಳ್ಳವರಿಗೆ ಮಾತ್ರ ತಕ್ಕುದು. ಗಡಿಯ ಮೇಲಿರುವ ಎರಡನೆಯ ವರ್ಗದವರಿಗೆ ಮೊದಲು ಔಷಧವನ್ನು ಕೊಟ್ಟು, ರೋಗವು ಹಿಂಜರಿದರೆ ಆಮೇಲೆ ಶಸ್ತ್ರವನ್ನು ಪ್ರಯೋಗಿಸುವುದು ಈಗಿನ ಪದ್ಧತಿ. ಮೂರನೆಯ ವರ್ಗದವರಲ್ಲಿಯೂ ಕೆಲವರು ಹೀಗೆ ಶಸ್ತ್ರಕ್ಕೆ ಅರ್ಹರಾಗುವುದುಂಟು.

ರೋಗವು ಹರಡಿದ ಮೇಲೆ ಗಂಟನ್ನು ತೆಗೆಯುವ ಶಸ್ತ್ರಕ್ರಿಯೆಯು ಆಯುಸ್ಸನ್ನು ಹೆಚ್ಚಿಸುವುದಿಲ್ಲ. ಉಳಿದ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯುವಂತೆ ಮಾಡುತ್ತದೆ. ಬೇಡವೆಂದು ಹೇಳುವ ವೈದ್ಯನು ಕೈಬಿಟ್ಟನೆಂದು ತಿಳಿಯಬಾರದು. ಆ ಹಂತದಲ್ಲಿಯೂ ಮಾಡತಕ್ಕ ಕೆಲಸವು ಬೇಕಾದಷ್ಟಿದೆ. ಔಷಧಗಳು ಕೆಲವು ತಿಂಗಳ ಜೀವಿತವನ್ನು ಕೊಡಬಲ್ಲವು. ಪಿತ್ತನಾಳಕ್ಕೆ ಲೋಹದ ಕೊಳವೆಯಿಟ್ಟರೆ ಕಾಮಾಲೆಯೂ ನವೆಯೂ ಇಳಿಯುತ್ತವೆ. ಅನ್ನದ ದಾರಿ ಕಟ್ಟಿದರೆ ಜಠರವನ್ನು ಕೆಳಗಿನ ಕರುಳಿಗೆ ಜೋಡಿಸಬಹುದು. ನೋವಿಗೆ ಮಾರ್ಫೀನ್ ಇದೆ, ಬೆನ್ನಿನ ನರಗಳ ಗುಚ್ಛಕ್ಕೆ ಸೂಜಿಯಿಂದ ಮದ್ದು ಹಾಕಿ ನೋವನ್ನು ತಡೆಯುವ ಉಪಾಯವಿದೆ. ಜೀರ್ಣರಸದ ಗುಳಿಗೆಯನ್ನು ಊಟದೊಡನೆ ಕೊಟ್ಟರೆ ಉಂಡದ್ದು ಮೈಗೆ ಹತ್ತುತ್ತದೆ.

ಅಡಚಣೆಯನ್ನು ಬಳಸಿ ಬೇರೆ ದಾರಿ ಮಾಡುವ ಈ ಬಗೆಯ ಚಿಕಿತ್ಸೆಯು ನಾಡಿನ ಭಕ್ತರಿಗೆ ಅಪರಿಚಿತವಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳಿಗೆ ಪಿತ್ತನಾಳದಲ್ಲಿ ಅಡಚಣೆಯೂ ಸೋಂಕೂ ಉಂಟಾಗಿ ಬೆಂಗಳೂರಿನಲ್ಲಿ ಹಲವು ಸಲ ಸ್ಟೆಂಟುಗಳನ್ನು ಇಡಲಾಗಿತ್ತು. ೨೦೧೮ರ ಡಿಸೆಂಬರ್ ೮ರಂದು ಚೆನ್ನೈನಲ್ಲಿ ಡಾಕ್ಟರ್ ಮೊಹಮ್ಮದ್ ರೇಲಾ ಅವರ ತಂಡವು ಪಿತ್ತಕ್ಕೆ ಬದಲಿದಾರಿ ಮಾಡುವ ಶಸ್ತ್ರಕ್ರಿಯೆಯನ್ನು ನಡೆಸಿತು. ಶ್ರೀಗಳು ಅದೇ ತಿಂಗಳಲ್ಲಿ ಮಠಕ್ಕೆ ಮರಳಿ, ೨೦೧೯ರ ಜನವರಿ ೨೧ರಂದು ೧೧೧ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಇದನ್ನು ಇಲ್ಲಿ ನೆನೆದುದು ಅರ್ಬುದದ ಉದಾಹರಣೆಯೆಂದಲ್ಲ. ನಾಳದ ತಡೆಗೆ ಕೊಳವೆಯೂ ಬದಲಿದಾರಿಯೂ ಎಂಥ ಉಪಾಯಗಳೆಂಬುದನ್ನು ಎಲ್ಲರೂ ಬಲ್ಲ ಸಂಗತಿಯಿಂದ ತಿಳಿಸಲು. ಅಂಥ ಹಿರಿಯರೂ ಶಸ್ತ್ರವೈದ್ಯದ ನೆರವನ್ನು ಪಡೆದರೆಂಬುದನ್ನು, ಕತ್ತಿ ಸೋಕಿದರೆ ಕೆಡುವುದೆಂದು ಹೇಳುವವರು ಮನಸ್ಸಿಗೆ ತಂದುಕೊಳ್ಳಬೇಕು.

ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ನರಸೀಪುರದಲ್ಲಿ, ೨೦೨೦ರಲ್ಲಿ ಕಾಲವಾದ ವೈದ್ಯ ನಾರಾಯಣಮೂರ್ತಿಗಳ ಮನೆಯ ಮುಂದೆ ದೇಶದ ನಾನಾ ಭಾಗಗಳಿಂದ ಬಂದ ಅರ್ಬುದರೋಗಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಸಂಕಟದಲ್ಲಿರುವವನು ಭರವಸೆಯನ್ನು ಅರಸಿ ಹೋಗುವುದು ಮನುಷ್ಯಸಹಜ. ಅದನ್ನು ಹಳಿಯುವುದು ಸಲ್ಲದು. ಆದರೆ ಮೇದೋಜೀರಕಾಂಗದ ಅರ್ಬುದವನ್ನು ಯಾವುದಾದರೂ ಮೂಲಿಕೆಯು ಕರಗಿಸುತ್ತದೆಂಬುದು ಕ್ರಮಬದ್ಧವಾದ ಪರೀಕ್ಷೆಯಿಂದ ಸಿದ್ಧಪಟ್ಟಿಲ್ಲ. ಶಸ್ತ್ರಕ್ಕೆ ಅರ್ಹನಾದವನು ಮೂಲಿಕೆಗಾಗಿ ಶಸ್ತ್ರವನ್ನು ಮುಂದೂಡಬಾರದು. ಆಸ್ಪತ್ರೆಯ ಔಷಧದಲ್ಲಿರುವವನು ವೈದ್ಯರಿಗೆ ತಿಳಿಸದೆ ಬೇರೆ ಮದ್ದನ್ನು ಸೇವಿಸಬಾರದು.

ಉಳಿದವು ಮನೆತನದ ಎರಡು ಪ್ರಶ್ನೆಗಳು. ಒಂದು ಹಣ. ೨೦೧೮ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡುಳ್ಳ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವು ದೊರೆಯುತ್ತದೆ. ಉಳಿದವರಿಗೆ ನಿಗದಿಯಾದ ದರದಲ್ಲಿ ನೂರಕ್ಕೆ ಮೂವತ್ತರಂತೆ ಒಂದೂವರೆ ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗಾಗಿ ಬೇರೆಡೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವು ಬೇಕಾಗುವುದರಿಂದ, ಬೆಂಗಳೂರಿನ ರೈಲು ಹತ್ತುವ ಮೊದಲೇ ರೇಷನ್ ಕಾರ್ಡು, ಆಧಾರ್ ಕಾರ್ಡುಗಳೊಡನೆ ಮೆಗ್ಗಾನಿನಲ್ಲಿ ವಿಚಾರಿಸಿ ಆ ಪತ್ರವನ್ನು ಪಡೆಯಬೇಕು. ತೋಟವನ್ನು ಅಡವಿಟ್ಟ ಮೇಲೆ ಈ ಸಂಗತಿಯು ತಿಳಿದರೆ ಪ್ರಯೋಜನವಿಲ್ಲ.

ಇನ್ನೊಂದು ಸತ್ಯ. ರೋಗದ ಹೆಸರನ್ನು ರೋಗಿಗೆ ಹೇಳದೆ ಮರೆಮಾಚುವುದು ನಮ್ಮ ಮನೆಗಳಲ್ಲಿ ಕರುಣೆಯೆಂದೇ ನಡೆದುಬಂದಿದೆ. ಹಿರಿಯನು ಹಜಾರದಲ್ಲಿ ಮಲಗಿರುವ, ಮಕ್ಕಳು ಅಡುಗೆಮನೆಯಲ್ಲಿ ಪಿಸುಗುಟ್ಟುವ. ಅವನಿಗೆ ತಿಳಿಯದಿರುವುದೇ? ಕಬ್ಬಿಣದ ಕಾರ್ಖಾನೆಯ ಕುಲುಮೆಯೆದುರು ಮೂವತ್ತು ವರ್ಷ ದುಡಿದವನು, ಸಂಸಾರವನ್ನು ದಡಮುಟ್ಟಿಸಿದವನು, ತನ್ನ ಶರೀರದ ಸುದ್ದಿಯನ್ನು ತಾಳಲಾರನೆಂದು ಊಹಿಸುವುದು ಅವನಿಗೆ ಮಾಡುವ ಗೌರವವಲ್ಲ. ಶಸ್ತ್ರಕ್ಕೆ ಒಳಗಾಗುವವನು ಅವನು. ನಿರಾಕರಿಸುವ ಅಧಿಕಾರವೂ ಅವನದೇ. ಕೇಳಿದಷ್ಟನ್ನು, ತಾಳುವಷ್ಟನ್ನು, ಸುಳ್ಳಿಲ್ಲದೆ ಹೇಳಬೇಕು. ಆಸ್ತಿಯ ವಿಭಾಗವಿರಲಿ, ಮುನಿದ ತಮ್ಮನೊಡನೆ ಒಂದು ಮಾತಿರಲಿ, ಗುರುದರ್ಶನವಿರಲಿ, ಅವನಿಗೆ ಮುಗಿಸಬೇಕಾದ ಕೆಲಸಗಳಿರುತ್ತವೆ. ಸತ್ಯವನ್ನು ಬಚ್ಚಿಟ್ಟವರು ಆ ದಿನಗಳನ್ನು ಅವನಿಂದ ಕಸಿದುಕೊಳ್ಳುತ್ತಾರೆ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಈ ರೋಗವು ಪತ್ತೆಯಾದ ಎಲ್ಲರನ್ನೂ ಉಳಿಸುವ ಶಕ್ತಿಯು ಇಂದಿನ ವೈದ್ಯಶಾಸ್ತ್ರಕ್ಕಿಲ್ಲ; ಕೆಲವರನ್ನು ಉಳಿಸುವ ಶಕ್ತಿಯು ನಿಶ್ಚಯವಾಗಿಯೂ ಇದೆ. ಆ ಕೆಲವರು ಯಾರೆಂಬುದು ಗಂಟಿನ ಸ್ವಭಾವದ ಮೇಲೆ ಎಷ್ಟು ನಿಂತಿದೆಯೋ, ಕಣ್ಣು ಹಳದಿಯಾದುದನ್ನು ಕಂಡ ಹೆಂಡತಿಯೋ ಸೊಸೆಯೋ ಮೊಮ್ಮಗನೋ ಮರುದಿನ ಏನು ಮಾಡಿದರೆಂಬುದರ ಮೇಲೆಯೂ ನಿಂತಿದೆ. ಇಲ್ಲಿಂದ ಹಿಂದಿರುಗಿದ ಮೇಲೆ ತಮ್ಮ ಕೇರಿಯಲ್ಲಿ, ಸಂಘದಲ್ಲಿ, ತೋಟದಲ್ಲಿ ಈ ಒಂದು ಮಾತನ್ನು ನಾಲ್ವರಿಗೆ ತಿಳಿಸಿದರೆ ಈ ಗೋಷ್ಠಿಯು ಸಾರ್ಥಕವಾದಂತೆ: ಐವತ್ತು ದಾಟಿದವರಿಗೆ ನೋವಿಲ್ಲದ ಕಾಮಾಲೆ ಬಂದರೆ ಮೊದಲು ಸ್ಕ್ಯಾನ್, ಆಮೇಲೆ ಉಳಿದ ಮಾತು.